ಹಳ್ಳದ ಮರಳಿನಿಂದ ಎದ್ದು ಬಂದದ್ದು

ಸೌಮ್ಯ,

ಇವತ್ತು ನಮ್ಮ ಹಳ್ಳ ಉಳಿಯಿತು ಕಣೇ! ನೀನು ತೀರಿಕೊಂಡ ಮೇಲೂ ಇಂಥ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕೆನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊನ್ನವಳ್ಳಿಯ ಹಾಲಸ್ವಾಮಿ ತಮ್ಮ ತೆಂಗಿನ ತೋಟದ ಅಂಚಿನಲ್ಲಿ ಹಳ್ಳದ ಮರಳು ತೆಗೆಸಿ ಕಾಂಕ್ರೀಟ್ ಹಾಕಿಸಲು ಬೆಳಿಗ್ಗೆ ಜೆಸಿಬಿ ತರಿಸಿದ್ದರು. ನಾನು ಓಡಿಹೋಗಿ ಅಡ್ಡ ನಿಂತೆ.

"ಈ ಮರಳೊಳಗೆ ಏನೈತೆ ಅಂತ ನಿಂತಿದ್ದೀಯವ್ವಾ?" ಎಂದು ಗದರಿದರು.

ಏರೋಪ್ಲೇನ್ ಚಿಟ್ಟೆಯ ಮರಿಗಳು ಅಲ್ಲೇ ಹೂತುಕೊಂಡು, ಬಾಲದ ತುದಿಯನ್ನಷ್ಟೇ ಹೊರಗಿಟ್ಟು ಉಸಿರಾಡುತ್ತ ಬೆಳೆಯುತ್ತವೆ ಎಂದೆ. ನೀನು ಹೇಳಿಕೊಟ್ಟ ಮಾತೇ. ಡ್ರೈವರ್ ನಕ್ಕುಬಿಟ್ಟ.

ಅಷ್ಟರಲ್ಲಿ ಮರಳ ಬಣ್ಣದ ಒಂದು ಮರಿ ನೀರಿನಿಂದ ತೆವಳಿ ಕಲ್ಲಿನ ಮೇಲೆ ಬಂತು. ನೋಡನೋಡುತ್ತ ಅದರ ಬೆನ್ನು ಬಿರಿಯಿತು. ಇದನ್ನೇ ನೋಡೋಣ ಬಾ ಎಂದು ನೀನು ಎಷ್ಟು ಸಲ ಬೆಳಿಗ್ಗೆ ನನ್ನ ಬಾಗಿಲು ಬಡಿದಿದ್ದೆ! ಬಿರಿದ ಚಿಪ್ಪಿನೊಳಗಿಂದ ಮೆತ್ತನೆಯ ಮೈ ಹೊರಬಂತು. ಮರಳಲ್ಲಿ ಹೂತು ಬೆಳೆಯುವ ಈ ಕುಲದ ಗುರುತೆಂದು ನೀನು ಹೇಳುತ್ತಿದ್ದ ಹಾಗೆಯೇ ಎರಡು ಕಣ್ಣುಗಳು ಒಂದಕ್ಕೊಂದು ತಾಗದೆ ದೂರವಿದ್ದವು. ಮುದುಡಿದ್ದ ರೆಕ್ಕೆಗಳು ನಿಧಾನವಾಗಿ ಬಿಚ್ಚಿಕೊಂಡು ಗಾಜಿನಂತೆ ಹೊಳೆದವು. ಹಾಲಸ್ವಾಮಿ ಪಂಚೆ ಎತ್ತಿಕಟ್ಟಿ ಅದರೆದುರು ಕುಕ್ಕರಗಾಲಿನಲ್ಲಿ ಕುಳಿತೇಬಿಟ್ಟರು.

"ಲೇ, ಮಿಷನ್ ಆಫ್ ಮಾಡ್ಲಾ!" ಎಂದು ಡ್ರೈವರನಿಗೆ ಕೂಗಿದರು. "ಕಾಂಕ್ರೀಟು ಬ್ಯಾಡ. ಹಳ್ಳ ಹಿಂಗೇ ಇರ್ಲಿ ಬುಡು."

ಬಿಸಿಲೇರಿದಾಗ ಅದು ಒಮ್ಮೆಲೇ ತೆಂಗಿನ ಗರಿಗಳ ಮೇಲಕ್ಕೆ ಹಾರಿತು. ನಾನು ಕುಣಿದು ಚಪ್ಪಾಳೆ ತಟ್ಟಿ, "ನೋಡಿದೆಯೇನೇ?" ಎಂದು ಪಕ್ಕಕ್ಕೆ ತಿರುಗಿದೆ.

"ನೋಡ್ದೆ ಕಣವ್ವಾ," ಎಂದರು ಹಾಲಸ್ವಾಮಿ.