ಅಬ್ಬಲಿಗೆ ಪಾತಿಯ ಬೀಟ್ರೂಟ್

ಗಿಳಿಯಾರು, ಕೋಟ
೩ ಫೆಬ್ರವರಿ ೨೦೦೩, ಸೋಮವಾರ

ಪ್ರೀತಿಯ ರಮ್ಯಶ್ರೀ ಅತ್ತಿಗೆಯವರಿಗೆ, ನಿಮ್ಮ ತಮ್ಮನ ಹೆಂಡತಿ ಪುಷ್ಪಳ ನಮಸ್ಕಾರಗಳು.

ನೀವೂ ಜಿತೇಂದ್ರ ಭಾವನೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿಮಗೆ ಚಳಿಗಾಲದಲ್ಲಿ ಗಂಟಲು ಕಟ್ಟುತ್ತಿತ್ತು ಅಂತ ಅತ್ತೆ ಹೇಳುತ್ತಿದ್ದರು. ಶಾಲೆಯಲ್ಲಿ ಮಕ್ಕಳ ಮುಂದೆ ದಿನವಿಡೀ ಮಾತಾಡಬೇಕಲ್ಲ, ಜಾಗ್ರತೆ ಮಾಡಿಕೊಳ್ಳಿ. ಇಲ್ಲಿ ಎಲ್ಲರೂ ಹುಷಾರು. ಆ ‘ಹುಷಾರು’ ಎಂಬ ಮಾತನ್ನು ಬರೆಯಲು ಎಷ್ಟು ಕಷ್ಟವಾಯಿತು ಅಂತ ಹೇಳುವುದಕ್ಕೇ ಈ ಪತ್ರ. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ನೀವು ಮನೆ ಬಿಟ್ಟು ಎರಡು ವರ್ಷವಾದ ಮೇಲೆ ನಾನು ಸಿದ್ದಾಪುರದಿಂದ ಈ ಮನೆಗೆ ಬಂದವಳು. ಮನೆಯಲ್ಲಿ ಯಾರೂ ನಿಮ್ಮ ಹೆಸರು ಎತ್ತುತ್ತಿರಲಿಲ್ಲ. ಒಂದು ದಿನ ಪಾತ್ರೆ ತೊಳೆಯುವಾಗ ಸ್ಟೀಲ್ ಲೋಟದ ಮೇಲೆ ‘ರಮ್ಯಶ್ರೀ’ ಅಂತ ಕೊರೆದದ್ದು ಕಂಡು ಅತ್ತೆಯನ್ನು ಕೇಳಿದೆ. ಅವರು ಒಲೆಯ ಮುಂದೆ ಕೂತು ಎಲ್ಲ ಹೇಳಿದರು. ನೀವು ಗಂಗೊಳ್ಳಿಯ ಮೀನುಗಾರರ ಮನೆಯ ಭಾವನನ್ನು ಮದುವೆಯಾದದ್ದು, ಆ ದಿನ ಮಾವ ಬಾವಿಕಟ್ಟೆಯಲ್ಲಿ ತಣ್ಣೀರು ಹುಯ್ದುಕೊಂಡು, ತೀರಿಹೋದವರಿಗೆ ಮಾಡುವ ಹಾಗೆ ಸ್ನಾನ ಮಾಡಿದ್ದು, ಎಲ್ಲ. ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ.

ಈಗ ನನಗೆ ಆರನೇ ತಿಂಗಳು. ದೀಪಾವಳಿ ಕಳೆದ ಮೇಲೆ ಡಾಕ್ಟರು ರಕ್ತ ಕಡಿಮೆಯಿದೆ, ಬೀಟ್ರೂಟ್, ಸೊಪ್ಪು ಚೆನ್ನಾಗಿ ತಿನ್ನಬೇಕು ಅಂದರು. ನಮ್ಮ ಅಡುಗೆಮನೆಗೆ ಬೀಟ್ರೂಟ್ ಬಂದದ್ದೇ ಇಲ್ಲ ಅಂತ ನಿಮಗೆ ಗೊತ್ತಲ್ಲ. ಮಾವ ದೇವಸ್ಥಾನದ ಕೆಲಸದವರು, ಮಾಂಸದಂಥ ಆ ಬಣ್ಣ ಕಂಡರೇ ಅವರಿಗೆ ಆಗದು. ಆದರೆ ಡಾಕ್ಟರ ಮಾತಿಗೆ ಎದುರಾಡಲಿಲ್ಲ, ಬೇರೆ ಪಾತ್ರೆಯಲ್ಲಿ ಮಾಡಿಕೊಳ್ಳಲಿ ಅಂದರು. ಪೇಟೆಯದ್ದು ಬಾಡಿಕೊಂಡಿರುತ್ತದೆ, ನಾನೇ ಬೆಳೆಯುತ್ತೇನೆ ಅಂತ ಇವರ ಹತ್ತಿರ ಕುಂದಾಪುರದ ಸಂತೆಯಿಂದ ಬೀಜ ತರಿಸಿದೆ. ಹಿತ್ತಿಲಲ್ಲಿ ಬಾವಿಯ ಪಕ್ಕ ಒಂದು ಪಾತಿ ಖಾಲಿ ಬಿದ್ದಿತ್ತು. ಮರಳು ಬೆರೆತ ಒಳ್ಳೆ ಹೊಯ್ಗೆ ಮಣ್ಣು, ನೀರೂ ಹತ್ತಿರ. ಅಗೆದು ಸೆಗಣಿಗೊಬ್ಬರ, ಒಲೆಯ ಬೂದಿ ಸೇರಿಸಿ ಬೀಜ ಹಾಕಿ ಒಳಗೆ ಬಂದರೆ ಅತ್ತೆಯ ಮುಖ ಬಿಳಿಚಿಕೊಂಡಿತ್ತು. “ಅಲ್ಲ್ ಕೈ ಹಾಕೂಕಾಗ ಮಗಾ, ಅದ್ ರಮ್ಯನ ಅಬ್ಬಲಿಗೆ ಪಾತಿ” ಅಂದರು. ನೀವು ಹೋದ ಮೇಲೆ ಹೂವಿನ ಗಿಡ ಒಣಗಿದರೂ ಮಾವ ಅಲ್ಲಿ ಏನನ್ನೂ ನೆಡಲು ಬಿಟ್ಟಿರಲಿಲ್ಲವಂತೆ. ನನಗೆ ಹೇಗೆ ಗೊತ್ತಿರಬೇಕು? ಸಂಜೆ ಮಾವ ಕಾಲು ತೊಳೆಯಲು ಹೋದವರು ಅಲ್ಲೇ ನಿಂತರು. “ಅಲ್ಲ್ ಎಂತ ಹಾಕ್ದೆ?” ಅಂತ ಕೇಳಿದರು. “ಬೀಟ್ರೂಟ್, ಮಾವ” ಅಂದೆ. ಕಾಲು ತೊಳೆದು ಒಳಗೆ ಹೋದರು. ಮರುದಿನ ಬೆಳಿಗ್ಗೆ ನಾನು ಎದ್ದು ಹೋಗುವಷ್ಟರಲ್ಲಿ ಪಾತಿಗೆ ನೀರು ಬಿದ್ದಿತ್ತು. ಆಮೇಲೆ ಒಂದು ದಿನವೂ ನನಗೆ ಕೊಡಪಾನ ಎತ್ತಲು ಬಿಡಲಿಲ್ಲ.

ಬೀಟ್ರೂಟ್ ಬೀಜ ಒಂದು ಹಾಕಿದರೆ ಎರಡು ಮೂರು ಮೊಳಕೆ ಒಟ್ಟಿಗೆ ಏಳುತ್ತವೆ ಅತ್ತಿಗೆ. ಒಂದನ್ನು ಉಳಿಸಿ ಉಳಿದದ್ದನ್ನು ಕೀಳಬೇಕು, ಇಲ್ಲವಾದರೆ ಗಡ್ಡೆ ಕಟ್ಟುವುದಿಲ್ಲ. ನಾನು ಕೀಳುವುದನ್ನು ಕಂಡು ಮಾವ “ಜೀವ ಇಪ್ಪದನ್ನ್ ಎಂತಕ್ ಕೀಳ್ತೆ?” ಅಂತ ಬೈದರು. ಕಿತ್ತ ಎಳೆ ಗಿಡಗಳನ್ನೆಲ್ಲ ತಾವೇ ಬದುವಿನ ಮೇಲೆ ನೆಟ್ಟರು. ಅರ್ಧ ಬದುಕಿದವು, ಸೊಟ್ಟಸೊಟ್ಟ ಗಡ್ಡೆ ಬಿಟ್ಟವು. ಪಾತಿಯವು ಮಾತ್ರ ಜನವರಿ ಮಧ್ಯಕ್ಕೆ ಮುಷ್ಟಿಯಷ್ಟು ದಪ್ಪಗಾಗಿ ಮಣ್ಣಿನಿಂದ ಹೆಗಲು ತೋರಿಸತೊಡಗಿದವು. ಮೊದಲು ಎಲೆಯ ತಂಬುಳಿ ಮಾಡಿದೆ. ಆಮೇಲೆ ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಬಿಸಿ ಆರಿದ ಮೇಲೆ ಸಿಪ್ಪೆ ಜಾರಿಸಿ, ಸಣ್ಣಗೆ ಹೆಚ್ಚಿ, ತೆಂಗಿನೆಣ್ಣೆಯ ಒಗ್ಗರಣೆಗೆ ಹಾಕಿ ಕಾಯಿತುರಿ ಉದುರಿಸಿದೆ. ಆಗಷ್ಟೇ ಕಿತ್ತದ್ದಲ್ಲವೇ, ಬೆಲ್ಲವೇ ಬೇಡ, ಅಷ್ಟು ಸಿಹಿ. ನಾನು ಬಡಿಸಿಕೊಳ್ಳುವಾಗ ಮಾವ ತಮ್ಮ ಬಾಳೆಲೆಯ ತುದಿ ತೋರಿಸಿ “ಇಲ್ಲ್ ಒಂಚೂರ್ ಹಾಕ್” ಅಂದರು. ಅತ್ತೆ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತರು. ಮಾವ ಮೂರು ಸಲ ಹಾಕಿಸಿಕೊಂಡರು. ರಾತ್ರಿಯ ಊಟಕ್ಕೆ ಬೀಟ್ರೂಟಿನದ್ದೇ ಮೊಸರು ಹಾಕಿದ ಸಾಸಿವೆ ಮಾಡಿಸಿದರು. ಮರುದಿನವೂ ಅದೇ. ನನಗಾದ ಸಂತೋಷ ಹೇಳತೀರದು.

ಮೂರನೆಯ ದಿನದಿಂದ ಮಾವ ಬದಲಾದರು. ಊಟಕ್ಕೆ ಕೂತರೆ ಒಂದು ತುತ್ತು ಗಂಜಿ, ಅಷ್ಟೇ. ಇವರನ್ನು ಕರೆದು ಪೆಟ್ಟಿಗೆ ತೆಗೆದು ಜಾಗದ ಕಾಗದಪತ್ರ ಎಲ್ಲೆಲ್ಲಿವೆ ಅಂತ ತೋರಿಸಿದರು. ದೇವಸ್ಥಾನದಲ್ಲಿ ತಮ್ಮ ಕೆಲಸ ಬೇರೆಯವರಿಗೆ ವಹಿಸುವ ಮಾತಾಡಿ ಬಂದರಂತೆ. ಕಡೆಗೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಅತ್ತೆಯ ಹತ್ತಿರ ಬಾಯಿಬಿಟ್ಟರು. ನಾನು ಬಾಗಿಲ ಹಿಂದೆಯೇ ಇದ್ದೆ, ಕೇಳಿಸಿತು. “ವನಮಾಲಾ, ಎರಡ್ ದಿನ ಉಚ್ಚಿ ಕೆಂಪ್ ಹೋಯ್ತ್. ಅಣ್ಣಯ್ಯಂಗ್ ಬಂದದ್ದೇ ನಂಗೂ ಬಂತ್” ಅಂದರು. ನಿಮ್ಮ ದೊಡ್ಡಪ್ಪನಿಗೆ ಮೊದಲು ಹಾಗೇ ರಕ್ತ ಹೋಗಿ, ಎರಡೇ ತಿಂಗಳಲ್ಲಿ ತೀರಿಕೊಂಡರಂತಲ್ಲ. ಅತ್ತೆ ಅಳಲಿಕ್ಕೆ ಶುರುಮಾಡಿದರು. ಮಾವ, “ಮರ್ಕಬೇಡ. ರಮ್ಯನ್ ಒಂದ್ಸಲ ಕಾಣ್ಕ್ ನಂಗೆ. ನಾ ಮಾಡದ್ದ್ ತಪ್ಪ್” ಅಂದರು. ಅತ್ತಿಗೆ, ಆ ಮಾತು ಅವರು ಹೇಳಿದ್ದು ಹೌದು. ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಅಂದೇ ಅವರನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಎಲ್ಲ ಕೇಳಿ, ಪರೀಕ್ಷೆ ಮಾಡಿಸಿ, “ರಾಯ್ರೇ, ಬೀಟ್ರೂಟ್ ಗೀಟ್ರೂಟ್ ಎಂತಾರೂ ತಿಂದಿದ್ರಿಯಾ?” ಅಂದರು. ಕೆಲವರಿಗೆ ಅದು ತಿಂದರೆ ಹಾಗೆ ಬಣ್ಣ ಹೋಗುತ್ತದೆಯಂತೆ, ರಕ್ತವೂ ಅಲ್ಲ, ರೋಗವೂ ಅಲ್ಲ. ಡಾಕ್ಟರು ನಕ್ಕರು, ಇವರೂ ನಕ್ಕರು. ಮಾವ ನಗಲಿಲ್ಲ. ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಮನೆಗೆ ಬಂದು ಕಾಗದಪತ್ರದ ಪೆಟ್ಟಿಗೆಗೆ ಬೀಗ ಹಾಕಿದರು. ಮರುದಿನ ದೇವಸ್ಥಾನಕ್ಕೆ ಎಂದಿನಂತೆ ಹೋದರು. ನಿಮ್ಮ ಸುದ್ದಿ ಮತ್ತೆ ಇಲ್ಲ. ಅಡುಗೆಮನೆಯಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡ ಉಳಿದ ಸಂತೋಷ ಒಂದು ಕಡೆ, ಮಗಳು ಮತ್ತೆ ಕೈತಪ್ಪಿದಳು ಎಂಬುದು ಇನ್ನೊಂದು ಕಡೆ. ನನಗೂ ತಡೆಯಲಾಗಲಿಲ್ಲ. ಸಾಯುವ ಹೆದರಿಕೆ ಹೋದ ಕೂಡಲೇ ಹೋಗಿಬಿಡುವ ಮಾತಾದರೆ ಅದು ಮಾವನ ಮಾತೋ, ಹೆದರಿಕೆಯ ಮಾತೋ? ಎರಡು ದಿನ ಅದೇ ಯೋಚನೆ. ನಿನ್ನೆ ಸಂಜೆ ಅವರು ಪಾತಿಗೆ ನೀರು ಹಾಕುವಾಗ ಹತ್ತಿರ ಹೋಗಿ, “ಮಾವ, ಅತ್ತಿಗೆಗೆ ಪತ್ರ ಬರೀಲಾ?” ಅಂತ ಕೇಳಿಯೇಬಿಟ್ಟೆ. ಅವರು ಕೊಡಪಾನ ಪೂರ್ತಿ ಬರಿದು ಮಾಡಿದರು. ಆಮೇಲೆ, “ಸಾಯ್ತೆ ಅಂದ್ಕಂಡ್ ಹೇಳದ್ದ್ ಅದ್. ಬದ್ಕ್ಕಂಡ್ ಹೇಳೂಕೆ ನಾಚ್ಕಿ ಆತ್ತ್ ಹೆಣೆ” ಅಂದು ಒಳಗೆ ಹೋದರು. ಬರಿ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ವಿಳಾಸವನ್ನು ಅತ್ತೆ ಇಂದು ಬೆಳಿಗ್ಗೆ ಸೀರೆಯ ಮಡಿಕೆಯೊಳಗಿಂದ ತೆಗೆದುಕೊಟ್ಟರು.

ನೀವು ಎಲ್ಲ ಮರೆಯಬೇಕು ಅಂತ ನಾನು ಬರೆಯುತ್ತಿಲ್ಲ ಅತ್ತಿಗೆ. ಬದುಕಿದ್ದವಳಿಗೆ ಸತ್ತವರ ಸ್ನಾನ ಮಾಡಿದ್ದು ಸಣ್ಣ ವಿಷಯವಲ್ಲ. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಇಲ್ಲಿಂದ ನೀವಿರುವ ಬೈಂದೂರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ, ಮೂರೂವರೆ ವರ್ಷವಾದರೂ ಯಾರಿಂದಲೂ ಆ ದಾರಿ ಹಿಡಿಯಲಾಗಲಿಲ್ಲ. ಮನಸ್ಸಿದ್ದರೆ ಒಮ್ಮೆ ಬಂದು ಹೋಗಿ, ಭಾವನನ್ನೂ ಕರೆತನ್ನಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಇವರು ‘ಅಕ್ಕನನ್ನು ಕೇಳಿದೆ’ ಅಂತ ಬರೆಯಲು ಹೇಳಿ ಆ ಕಡೆ ಹೋಗಿ ನಿಂತಿದ್ದಾರೆ.

ನಿಮ್ಮನ್ನು ನೋಡಬೇಕೆಂದಿರುವ,
ಪುಷ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾವ ಬಂದರು. “ಬೈಂದೂರಿಗಾ?” ಅಂದರು. ಹೌದು ಅಂದೆ. “ಅವ್ಳ್ ಇಲ್ಲಿಗ್ ಬಪ್ದ್ ಬೇಡ ಅಂದ್ ಬರಿ” ಅಂದರು. ನನ್ನ ಜೀವ ಹೋದ ಹಾಗಾಯಿತು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಹೊರಗ್ ಹಾಕದ್ದ್ ನಾನ್. ನಾನೇ ಹೋಯ್ಕ್. ಆಯ್ತವಾರ ಬತ್ತೆ, ಅವ್ಳ್ ಮನೆಲೇ ಉಂಡ್ಕಂಡ್ ಬಪ್ದ್ ಅಂದ್ ಬರಿ” ಅಂದರು. ನಲವತ್ತು ವರ್ಷದಿಂದ ಹೊರಗೆ ಒಂದು ಲೋಟ ನೀರೂ ಕುಡಿಯದವರು. ಭಾನುವಾರ ಹತ್ತರ ಒಳಗೆ ಬಸ್‌ಸ್ಟ್ಯಾಂಡಿನಲ್ಲಿರಿ, ಅವರಿಗೆ ನಿಮ್ಮ ಮನೆಯ ದಾರಿ ಗೊತ್ತಿಲ್ಲ. ಅನ್ನ ಸ್ವಲ್ಪ ಮೆತ್ತಗೆ ಮಾಡಿ. ನೀವು ಹೋದ ಮೇಲೆ ಅವರ ನಾಲ್ಕು ಹಲ್ಲು ಬಿದ್ದಿವೆ.