ಚಾ ಬಂತೇನ?

ಬೇಗೆಮಾಸದ ನಲವತ್ತೊಂದನೆಯ ದಿನ, ಸನ್ ೨೨೭೧
ನೆರಳೂರು, ಕಪ್ಪತ್ತಗುಡ್ಡದ ಹೊಟ್ಟೆಯೊಳಗೆ

ಹುಬ್ಬಳ್ಳಿಯ ಸುಲೋಚನಾ ಮುದ್ದೇಬಿಹಾಳ ಚಿಗವ್ವನವರಿಗೆ ನೆರಳೂರಿನ ತಂಪವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆಂದು ಈ ಕಾಗದವನ್ನು ಹರಿದು ಹಾಕಬೇಡಿ. ನಮ್ಮಲ್ಲಿ ಬೇಸಿಗೆ ಮುಗಿಯುವ ತನಕ ಬೇಗೆಮಾಸವೂ ಮುಗಿಯುವುದಿಲ್ಲ. ಕೆಲವು ವರ್ಷ ಅದು ಎಪ್ಪತ್ತು ದಿನ ಎಳೆದದ್ದುಂಟು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅದರಲ್ಲಿ ಅರ್ಧ ನಮ್ಮ ಹಿರಿಯರಿಂದ ಬಂದದ್ದು, ಮಿಕ್ಕ ಅರ್ಧ ನಿಮ್ಮ ಬಾಯಿಂದಲೇ ಬಂದದ್ದು. ಹಾಗಾಗಿ ತಪ್ಪಿದ್ದರೆ ಬೈಗುಳವನ್ನೂ ಸಮಪಾಲು ಮಾಡಿಕೊಳ್ಳೋಣ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ, ಅದನ್ನು ನಡೆಸುವವರಿಗೇ ಸರಿಯಾಗಿ ಗೊತ್ತಿದ್ದಂತಿಲ್ಲ. ಹೋಗುತ್ತದೆ, ಆದರೆ ಉತ್ತರ ತರುವುದಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಪಾಲಿನದನ್ನು ನಾನು ನಿಮಗೆ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನೀವು ‘ಎಲೆಕೋಟೆ’ ಎಂಬ ಮೊಬೈಲ್ ಆಟಕ್ಕೆ ದನಿ ಕೊಟ್ಟಿದ್ದೀರಿ. ಹೊಸಬರಿಗೆ ಆಟ ಕಲಿಸುವ ಮೊದಲ ಪಾಠದಲ್ಲಿ ಬರುವ ಚಿಗವ್ವ ನೀವೇ. ಆ ಪಾಠದ ನಡುವೆ ನೀವು ಯಾರನ್ನೋ “ಚಾ ಬಂತೇನ?” ಎಂದು ಕೇಳಿದ್ದೀರಿ. ದನಿ ಹಿಡಿಯುವ ಯಂತ್ರ ನಿಂತಿದೆ ಎಂದುಕೊಂಡಿದ್ದಿರೋ ಏನೋ, ಅದು ನಿಂತಿರಲಿಲ್ಲ. ಆ ಮಾತೂ ಪಾಠದೊಳಗೆ ಸೇರಿ ಜನರ ಕೈಗೆ ಹೋಯಿತು. ನಾಳೆ ಆಟದ ಕಂಪನಿಯವರು ನಿಮಗೆ ಫೋನ್ ಮಾಡಿ, ಒಂದು ಸಣ್ಣ ತಪ್ಪು ಉಳಿದಿದೆ, ಬಂದು ಅದೊಂದು ಸಾಲನ್ನು ಮತ್ತೆ ಹೇಳಿಕೊಡಿ ಎನ್ನುತ್ತಾರೆ. ನೀವು ಮರ್ಯಾದಸ್ಥರು, ನಾಚಿಕೊಂಡು ಹೋಗುತ್ತೀರಿ. ದಯವಿಟ್ಟು ಹೋಗಬೇಡಿ. ಇಷ್ಟು ಹೇಳುವುದಕ್ಕೇ ಈ ಕಾಗದ. ಯಾಕೆ ಎಂಬುದು ಸ್ವಲ್ಪ ಉದ್ದದ ಕಥೆ, ಕೂತು ಓದಿ.

ನಿಮ್ಮ ಆಟದಲ್ಲಿ ನಮಗೆ ಸಿಕ್ಕಿದ್ದು ಆ ಮೊದಲ ಪಾಠ ಮಾತ್ರ. ಮಿಕ್ಕ ಆಟವೆಲ್ಲ ದೂರದ ಯಾವುದೋ ಯಂತ್ರದಲ್ಲಿತ್ತಂತೆ, ಅದು ಎಂದೋ ಆರಿಹೋಯಿತು. ಪಾಠ ಮುಗಿದು ಕೋಟೆಯ ಬಾಗಿಲು ತೆರೆದರೆ ಆಚೆ “ಸಂಪರ್ಕ ಸಿಗುತ್ತಿಲ್ಲ” ಎಂಬ ಅಕ್ಷರ ಕಾಣುತ್ತಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಈಗ ಆ ಅಕ್ಷರವೂ ಇಲ್ಲ. ನಮ್ಮಲ್ಲಿರುವ ಒಂದೇ ಮೊಬೈಲಿನ ಪರದೆ ಸತ್ತು ಎರಡು ತಲೆಮಾರಾಯಿತು, ನಿಮ್ಮ ದನಿ ಮಾತ್ರ ಗಟ್ಟಿಮುಟ್ಟಾಗಿದೆ. ಗುಡ್ಡದ ಮೇಲಿನ ಹಳೆಯ ಗಾಳಿಯಂತ್ರದಿಂದ ಅದಕ್ಕೆ ಜೀವ ತುಂಬುತ್ತೇವೆ. ಪರದೆಯಲ್ಲಿದ್ದ ಆಟದ ಎಲೆಗಳನ್ನು, ಅಂದರೆ ಕುದುರೆ, ಆನೆ, ಕಾವಲುಗಾರರನ್ನು, ಬೇವಿನ ಹಲಗೆಯ ಮೇಲೆ ಕೆತ್ತಿಕೊಂಡಿದ್ದೇವೆ. ನಮ್ಮ ಆನೆ ಸ್ವಲ್ಪ ಎಮ್ಮೆಯಂತೆ ಕಾಣುತ್ತದೆ. ಕೆತ್ತಿದವರು ಆನೆಯನ್ನು ನೋಡಿರಲಿಲ್ಲ.

ನಿಮ್ಮ ಪಾಠದಲ್ಲಿ ಮಿಕ್ಕದ್ದೆಲ್ಲ ಮಬ್ಬಾಗಿ, ಆಡಬೇಕಾದ ಒಂದೇ ಎಲೆ ಹೊಳೆಯುತ್ತಿತ್ತಂತೆ. ನಾವು ಗುಹೆಯ ದೀಪಗಳನ್ನೆಲ್ಲ ಆರಿಸಿ, ಆ ಎಲೆಯ ಪಕ್ಕಕ್ಕೆ ಒಂದು ಹಣತೆ ಇಡುತ್ತೇವೆ. ಹೊಸಬರು ಬೇರೆ ಎಲೆ ಮುಟ್ಟಿದರೆ ಊರಿಗೆ ಊರೇ ನಿಮ್ಮ ದನಿ ತೆಗೆದು, “ಅದಲ್ಲೋ ನಮ್ಮಪ್ಪಾ, ಹೊಳ್ಯಾಕತ್ತೈತಲ್ಲ, ಅದು. ಅವಸರಿಲ್ಲ” ಎನ್ನುತ್ತದೆ. ಪ್ರತಿ ಸರದಿಗೂ ದೀಪದಲ್ಲಿ ಒಂದು ಚಮಚ ಎಣ್ಣೆ ಹೆಚ್ಚುತ್ತದೆ, ಎಣ್ಣೆ ಎಷ್ಟಿದೆಯೋ ಅಷ್ಟೇ ತೂಕದ ಎಲೆ ಇಳಿಸಬೇಕು ಎಂಬ ನಿಮ್ಮ ನಿಯಮವನ್ನು ನಾವು ಅಡುಗೆಮನೆಗೂ ತಂದುಕೊಂಡಿದ್ದೇವೆ. ಯಾರಾದರೂ ಕೈಮೀರಿದ ಕೆಲಸ ಹಚ್ಚಿಕೊಂಡರೆ ಇಲ್ಲಿನ ಹೆಂಗಸರು ಬೈಯುವುದು, “ಎಣ್ಣಿ ಎಷ್ಟದ ನೋಡ್ಕೋ” ಎಂದೇ.

ಇನ್ನು ಸೋಲಪ್ಪ. ಹೊಸಬರ ಎದುರು ಕೂತು ಆನೆಯ ಮುಂದೆ ಕುಂಟು ಕುದುರೆ ಇಳಿಸಿ, ತಲೆ ಕೆರೆದುಕೊಂಡು, ಮತ್ತೆ ಮತ್ತೆ ಸೋಲುವ ನಿಮ್ಮ ಆ ದಡ್ಡನನ್ನು ನಿಮ್ಮವರು ನಗಿಸುವುದಕ್ಕೆ ಮಾಡಿದ್ದಿರಬಹುದು. ನಮ್ಮಲ್ಲಿ ಅದು ಊರಿನ ದೊಡ್ಡ ಹುದ್ದೆ. ಬೇಗೆಗೆ ಊರು ಕಳೆದುಕೊಂಡು ನಡೆದು ಬಂದವರು ನಮ್ಮ ಗುಹೆಯ ಬಾಯಿಗೆ ಬಂದು ಕುಸಿಯುತ್ತಾರೆ. ಅವರು ಎಲ್ಲವನ್ನೂ ಸೋತು ಬಂದಿರುತ್ತಾರೆ. ಆದ್ದರಿಂದ ಇಲ್ಲಿ ಅವರು ಮೊದಲು ಆಡುವ ಆಟ ಅವರದೇ ಆಗಬೇಕು. ಅವರ ಎದುರು ಕೂತು ಸೋಲುವವನು ಗಂಡಸಾದರೆ ಸೋಲಪ್ಪ, ಹೆಂಗಸಾದರೆ ಸೋಲವ್ವ. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ನಿಮ್ಮ ಕಾಲದಲ್ಲಿತ್ತಂತೆ. ನಮ್ಮಲ್ಲಿ ಸೋತವರಿಗೆ ಮೊದಲ ಪಂಕ್ತಿಯಲ್ಲೇ ಊಟ. ಹತ್ತೊಂಬತ್ತು ವರ್ಷದಿಂದ ನಾನು ಈ ಊರಿನ ಸೋಲವ್ವ. ಕುಂಟು ಕುದುರೆ ಇಳಿಸುವುದರಲ್ಲಿ ನನ್ನಷ್ಟು ಪಳಗಿದವರು ಇನ್ನೊಬ್ಬರಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ಆಟದ ನಡುವೆ ನೀವು ಸರದಿ ಮುಗಿಸುವ ಗಂಟೆ ಬಾರಿಸಲು ಹೇಳಿ, ದನಿಯನ್ನು ಆಚೆ ತಿರುಗಿಸಿ, “ಏ, ಚಾ ಬಂತೇನ?” ಎನ್ನುತ್ತೀರಿ. ಆಗ ನಾವು ಎಲೆಗಳನ್ನು ಕೆಳಗಿಟ್ಟು ಎಲ್ಲರಿಗೂ ಚಹಾ ಕೊಡುತ್ತೇವೆ. ಅದು ನಿಮ್ಮ ಚಹಾ ಅಲ್ಲ. ಆ ಗಿಡವನ್ನು ನಾವು ಕಂಡಿಲ್ಲ. ಹುರಿದ ಜೋಳ, ತುಳಸಿ, ಸಿಕ್ಕರೆ ಒಂದು ಚೂರು ಬೆಲ್ಲ. ಕುಡಿದ ಮೇಲೆ ಆಟ ಮುಂದುವರಿಯುತ್ತದೆ. ಅದು ತಪ್ಪಿನಿಂದ ಉಳಿದ ಮಾತೆಂದು ನಮಗೆ ಬಹಳ ಕಾಲ ಗೊತ್ತೇ ಇರಲಿಲ್ಲ, ಆಟದ ನಿಯಮವೆಂದೇ ತಿಳಿದಿದ್ದೆವು.

ಎರಡು ದಿನದ ದಾರಿಯಾಚೆ ಹಳ್ಳದಕೇರಿ ಎಂಬ ಇನ್ನೊಂದು ಗುಹೆಯೂರಿದೆ. ಅಲ್ಲಿಯೂ ಎಲೆಕೋಟೆಯಿದೆ, ಅಲ್ಲಿಯೂ ಸೋಲಪ್ಪನಿದ್ದಾನೆ. ಅವರ ಮೊಬೈಲಿನಲ್ಲಿರುವುದು ಮಾತ್ರ ನೀವು ಹೋಗಿ ತಿದ್ದಿಕೊಟ್ಟ ನಂತರದ ಪಾಠ. ಅದರ ಜೊತೆಗಿದ್ದ ತಿದ್ದುಪಡಿಯ ಟಿಪ್ಪಣಿಯಿಂದಲೇ ನಿಮ್ಮ ಹೆಸರೂ, ಆ ಮಾತು ತಪ್ಪಿನಿಂದ ಉಳಿದದ್ದೆಂಬುದೂ, ನಿಮಗೆ ಫೋನ್ ಬರುವ ದಿನವೂ ನನಗೆ ತಿಳಿದದ್ದು. ಅವರಲ್ಲಿ ಗಂಟೆಯ ನಂತರ ಚಹಾ ಇಲ್ಲ. ಸೇರಿಸಿಕೊಳ್ಳಿರಪ್ಪಾ ಎಂದು ಹೇಳಿ ಕಳಿಸಿದರೆ, ಚಿಗವ್ವ ಆಡದ ಮಾತನ್ನು ಆಡಿಸುವುದು ಅಪಚಾರ ಎಂದರು. ಭಕ್ತಿ ಜಾಸ್ತಿಯಾದವರೊಡನೆ ಜಗಳ ಆಡಲಾಗುವುದಿಲ್ಲ.

ಮೂರು ವರ್ಷದ ಹಿಂದೆ, ಇಂಥದ್ದೇ ಬೇಗೆಯಲ್ಲಿ, ಮುಳುಗಿದ ಕರಾವಳಿಯಿಂದ ದೂಮಣ್ಣ ಎಂಬವರು ತಂಗಿ ದೇಯಿಯ ಜೊತೆ ಹಳ್ಳದಕೇರಿಗೆ ಬಂದರು. ದೋಣಿಯ ಮೇಲೆ ಎಲೆಯಾಡಿಯೇ ತಲೆ ನರೆತವರು ಅವರು. ಎದುರಿನವನು ಬೇಕೆಂದೇ ಸೋಲುತ್ತಿದ್ದಾನೆಂಬುದು ಅಂಥವರಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ತಮ್ಮನ್ನು ಮಗು ಮಾಡಿ ನಗುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತು. ಎಲೆಗಳನ್ನು ಎಸೆದು, ಯಾರು ಹಿಡಿದರೂ ನಿಲ್ಲದೆ, ಬಿಸಿಲಿಗೆ ಹೊರಟುಬಿಟ್ಟರು. ತಂಗಿ ಹಿಂದೆಯೇ ಹೋದಳು. ನಮ್ಮ ಗುಹೆಯ ಬಾಯಿಗೆ ತಲುಪಿದ್ದು ಅವರೊಬ್ಬರೇ. ದೇಯಿ ದಾರಿಯಲ್ಲಿ ತೀರಿಕೊಂಡಿದ್ದಳು.

ಮೈ ಸ್ವಲ್ಪ ಸುಧಾರಿಸಿದ ಮೇಲೆ ಅವರನ್ನು ನನ್ನ ಎದುರಿನ ಮಣೆಯ ಮೇಲೆ ಕೂರಿಸಿದರು. ಹೇಗಾದರೂ ಅವರನ್ನು ಉಳಿಸಿಕೊಳ್ಳಬೇಕೆಂದು ನಾನು ಎಂದಿಗಿಂತ ಜಾಣತನದಿಂದ ಸೋಲತೊಡಗಿದೆ. ನನ್ನ ಎರಡನೆಯ ಎಲೆಗೇ ಅವರು ತಲೆಯೆತ್ತಿ, “ಎಂತ ಮಾರಾಯ್ರೆ, ಇಲ್ಲಿಯೂ ಅದೇ ನಾಟಕವಾ? ನಂಗೆ ಗೊತ್ತಾಗುದಿಲ್ಲ ಅಂತ ಮಾಡಿದ್ದೀರಾ?” ಎಂದರು. ಏಳಲು ನೆಲಕ್ಕೆ ಕೈ ಊರಿದರು. ಇನ್ನೊಮ್ಮೆ ಆ ಬಿಸಿಲಿಗೆ ಇಳಿದರೆ ಸಂಜೆಯೊಳಗೆ ಅವರದೂ ತಂಗಿಯ ಗತಿಯೇ. ಅಷ್ಟರಲ್ಲಿ ಗಂಟೆಯ ಜಾಗ ಬಂತು. ನೀವು ಚಾ ಕೇಳಿದಿರಿ.

ದೂಮಣ್ಣ ಊರಿದ ಕೈಯನ್ನು ಎತ್ತಲಿಲ್ಲ. “ಅದು ಯಾರಿಗೆ ಹೇಳಿದ್ದು?” ಎಂದರು. ಗೊತ್ತಿಲ್ಲ ಎಂದೆ. “ಮತ್ತೆ ಅವರಿಗೆ ಚಾ ಸಿಕ್ಕಿತಾ?” ಎಂದರು. ಅದೂ ಗೊತ್ತಿಲ್ಲ ಎಂದೆ. ಇನ್ನೊಮ್ಮೆ ಕೇಳಿಸಲು ಹೇಳಿದರು, ಕೇಳಿಸಿದೆವು. ಆಮೇಲೆ ಯಾರೋ ಕೊಟ್ಟ ಜೋಳದ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು, “ಪಾಪ, ಅವರಿಗೂ ಸಾಕಾಗಿರಬೇಕು. ಗುರ್ತ ಇಲ್ಲದ ನಮ್ಮನ್ನು ಗೆಲ್ಲಿಸ್ಲಿಕ್ಕೆ ಕೂತು ಗಂಟಲು ಒಣಗಿಸಿಕೊಂಡದ್ದಲ್ವಾ” ಎಂದು ಅಳತೊಡಗಿದರು. ಆ ಅಳು ತಂಗಿಗಾಗಿಯೂ ಇತ್ತು. ಅತ್ತು ಮುಗಿದ ಮೇಲೆ ಆಟ ಮುಂದುವರಿಸಿ ನನ್ನ ಕೋಟೆಯನ್ನು ನೆಲಸಮ ಮಾಡಿದರು, ಸ್ವಲ್ಪವೂ ದಾಕ್ಷಿಣ್ಯ ತೋರಿಸಲಿಲ್ಲ.

ಅಂದಿನಿಂದ ಅವರು ಇಲ್ಲಿಯೇ ಇದ್ದಾರೆ. ಸೋಲಪ್ಪನಾಗುವ ಹಂಬಲ ಹತ್ತಿದೆ, ಆದರೆ ಸೋಲಲು ಬರುವುದಿಲ್ಲ. ಮೊನ್ನೆ ಒಂದು ಚಿಕ್ಕ ಹುಡುಗಿಯ ಎದುರು ಕೂರಿಸಿದೆವು, ಮೈಮರೆತು ಗೆದ್ದುಬಿಟ್ಟರು. ಅವಳು ಅತ್ತಳು, ಇವರೂ ಅಳುವಂತಾದರು, ನಾನು ಇಬ್ಬರಿಗೂ ಬೈದೆ. ದಿನಾ ಸಂಜೆ ನನ್ನ ಬಳಿ ಸೋಲುವ ಅಭ್ಯಾಸಕ್ಕೆ ಬರುತ್ತಾರೆ. ಅವರು ಬಂದಾಗ ಅಕ್ಕಪಕ್ಕದವರು ಬೇಕೆಂದೇ ಕೆಮ್ಮುತ್ತಾರೆ. ಕೆಮ್ಮಲಿ. ನಿಮ್ಮ ಹತ್ತಿರ ಮುಚ್ಚುಮರೆ ಏನು, ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಆ ಮನುಷ್ಯನ ಮೇಲೆ ಮನಸ್ಸಾಗಿದೆ.

ಈಗ ನೀವೇ ಕೂಡಿಸಿ ನೋಡಿ, ಚಿಗವ್ವ. ನಾಳೆ ನೀವು ಹೋಗದಿದ್ದರೆ ಹಳ್ಳದಕೇರಿಯ ಮೊಬೈಲಿನಲ್ಲೂ ಆ ಮಾತು ಉಳಿಯುತ್ತದೆ. ಗಂಟೆಯ ಹೊತ್ತಿಗೆ ಅಲ್ಲಿಯೂ ಚಹಾ ಬರುತ್ತದೆ. ದೂಮಣ್ಣ ಅಲ್ಲೇ ಅತ್ತು, ಅಲ್ಲೇ ಗೆದ್ದು, ಅಲ್ಲೇ ಉಳಿಯುತ್ತಾರೆ. ದೇಯಿ ಬಿಸಿಲಿಗೆ ಇಳಿಯುವುದಿಲ್ಲ. ಅವರಿಗಿಂತ ಮೊದಲು ಅಲ್ಲಿಂದ ಹಾಗೆಯೇ ಸಿಡಿದು ಹೊರಟ ಇನ್ನೂ ಕೆಲವರಿದ್ದರಂತೆ, ಅವರು ಯಾವ ಊರನ್ನೂ ಮುಟ್ಟಲಿಲ್ಲ. ಅವರೂ ಉಳಿಯುತ್ತಾರೆ. ದೂಮಣ್ಣನಿಗೆ ನಾನು ಇದನ್ನು ಬಿಡಿಸಿ ಹೇಳಿಲ್ಲ. ನಿಮಗೆ ಬರೆಯುತ್ತೇನೆ ಎಂದಷ್ಟೇ ಹೇಳಿದೆ. “ಚಾ ಬಂತಾ ಕೇಳಿ, ಮರೀಬೇಡಿ” ಎಂದರು. ಎಲೆಯಾಟದಲ್ಲಿ ಮೂರು ಹೆಜ್ಜೆ ಮುಂದೆ ನೋಡುವ ಮನುಷ್ಯ, ಇದನ್ನು ನೋಡದೆ ಇರುತ್ತಾರೆಯೇ? ನಿನ್ನೆ ಅಭ್ಯಾಸ ಮುಗಿದ ಮೇಲೂ ಏಳದೆ, ಎಲೆಗಳನ್ನು ಒಂದೊಂದಾಗಿ ಒರೆಸಿ ನನ್ನ ಮುಂದೆ ಜೋಡಿಸಿಟ್ಟರು.

ಉತ್ತರ ಬರುವ ದಾರಿಯಿಲ್ಲ, ಆದ್ದರಿಂದ ಕೇಳುವುದಿಲ್ಲ, ಹೇಳುತ್ತೇನೆ. ಅಂದು ಚಹಾ ಬರದೇ ಹೋಗಿದ್ದರೆ ಈಗಲೇ ಎದ್ದು ಒಂದು ಕಪ್ಪು ಮಾಡಿಕೊಂಡು ಕುಡಿಯಿರಿ, ಸಕ್ಕರೆಗೆ ಹಿಂಜರಿಯಬೇಡಿ. ನಾಳೆ ಫೋನ್ ಬಂದರೆ ಗಂಟಲು ಕಟ್ಟಿದೆ ಎನ್ನಿ, ಊರಲ್ಲಿಲ್ಲ ಎನ್ನಿ, ಬಾಯಿಗೆ ಬಂದ ಸುಳ್ಳು ಹೇಳಿ, ಹೋಗಬೇಡಿ. ನೀವು ಹೋಗಲಿಲ್ಲ ಎಂಬುದು ನನಗೆ ತಿಳಿಯುವುದೂ ಇಲ್ಲ. ನನ್ನ ಎದುರಿನ ಮಣೆ ಸಂಜೆ ಖಾಲಿ ಇರುತ್ತದೆ, ಅಲ್ಲಿ ಯಾರು ಕೂರುತ್ತಿದ್ದರೆಂಬ ನೆನಪೂ ನನಗಿರುವುದಿಲ್ಲ. ನನ್ನ ಬಗ್ಗೆ ಮರುಕ ಬೇಡ, ಚಿಗವ್ವ. ನಾನು ಈ ಊರಿನ ಸೋಲವ್ವ. ಈ ಎಲೆಯನ್ನು ಬೇಕೆಂದೇ ಇಳಿಸುತ್ತಿದ್ದೇನೆ.

ನಿಮ್ಮ ಮಗಳಂಥ
ತಂಪವ್ವ