ಮೊರೀನ್ ಬಸ್ಸು ಓಡಿಸಿದ ವಾರ

ಮೇ 12, ಸೋಮವಾರ

ನಮ್ಮ ದ್ವೀಪದ ಹಡಗು ಇಪ್ಪತ್ತು ನಿಮಿಷ ತಡ. ಇಳಿದವರು ಒಂಬತ್ತು ಜನ, ನನ್ನ ಬಸ್ಸು ಹತ್ತಿದವರು ಎಂಟು. ಒಂಬತ್ತನೆಯವಳು ಲೀಡ್ಸಿನ ಮೊರೀನ್. ಅರವತ್ತು ದಾಟಿದೆ. ಸೈಕಲ್ ತಂದಿದ್ದಾಳೆ.

"ಹತ್ತಮ್ಮಾ, ಎದುರುಗಾಳಿ ಇದೆ," ಅಂದೆ.

"ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿದೀನಿ. ರಜೆಯಲ್ಲೂ ಬಸ್ಸಾ?"

ಆಯ್ತು, ತುಳಿ. ಸಂಜೆ ನೋಡಿದರೆ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಳು. ನಿಲ್ಲಿಸಲಿಲ್ಲ. ಹಾರ್ನ್ ಮಾತ್ರ ಹೊಡೆದೆ.

ಮೇ 13, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಸ್ಸು ತೊಳೆಯುವಾಗ ಜಾರಿಬಿದ್ದೆ. ಬಲ ಮಣಿಕಟ್ಟು ಊದಿಕೊಂಡಿದೆ. ನರ್ಸ್ ಶೋನಾ ಪಟ್ಟಿ ಬಿಗಿದು, "ಮುರಿದಿರೋ ಹಾಗಿದೆ ಎಫಿ. ನಾಳೆ ಹಡಗಿಗೇ ಆಚೆ ದಡದ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಮಾಡಿಸು," ಅಂದಳು.

"ಬಸ್ಸು?"

"ಸ್ಟಿಯರಿಂಗ್ ಮುಟ್ಟಿದ್ರೆ ಇನ್ನೊಂದು ಕೈ ನಾನೇ ಮುರೀತೀನಿ."

ಹತ್ತೊಂಬತ್ತು ವರ್ಷದಲ್ಲಿ ಒಂದು ಹಡಗೂ ತಪ್ಪಿಸಿದವಳಲ್ಲ ನಾನು. ದ್ವೀಪದಲ್ಲಿ ಬಸ್ ಲೈಸೆನ್ಸ್ ಇರುವವರು ಇನ್ನೊಬ್ಬರಿಲ್ಲ...

ಇದ್ದಾಳೆ.

ಮೇ 14, ಬುಧವಾರ

ಹೋಗಿ ಕೇಳಿದೆ. ಬಾಯಿತುಂಬ ಸ್ಕೋನ್ ಬನ್ನು ಇಟ್ಟುಕೊಂಡೇ ಮೊರೀನ್ ಕೈ ಚಾಚಿದಳು — ಕೀ ಕೊಡು ಅಂತ. ಬಸ್ ಆಫೀಸಿಗೆ ಫೋನ್, ಲೈಸೆನ್ಸಿನ ಫೋಟೊ, ಒಪ್ಪಿಗೆ. ಎಕ್ಸ್‌ರೇ ಸೋಮವಾರಕ್ಕೆ ಮುಂದೂಡಿದೆ. ಅಲ್ಲಿತನಕ ಪಕ್ಕದಲ್ಲಿ ಕೂತು ದಾರಿ ಕಲಿಸುವುದು.

"ಎದುರಿಗೆ ಬಂದೋರಿಗೆಲ್ಲ ಸ್ಟಿಯರಿಂಗ್ ಮೇಲಿಂದಲೇ ಒಂದು ಬೆರಳೆತ್ತು, ನಮಸ್ಕಾರಕ್ಕೆ."

"ಯಾರು ಅಂತಾನೇ ಗೊತ್ತಿಲ್ವಲ್ಲ?"

"ನೀನ್ಯಾರು ಅಂತ ಅವರಿಗೆ ಆಗ್ಲೇ ಗೊತ್ತು."

ದಾರಿಗಡ್ಡ ನಿಂತ ಕುರಿಗಳಿಗೆ ಹಾರ್ನ್ ಹೊಡೆದಳು. ಅವು ಕತ್ತೂ ಎತ್ತಲಿಲ್ಲ. ಇಳಿದು ಕೂಗು ಅಂದೆ. ಲೀಡ್ಸಿನ ಗಂಟಲು. ಇಡೀ ಗುಡ್ಡವೇ ಖಾಲಿ.

ಮೇ 16, ಶುಕ್ರವಾರ. ಸಂಜೆ 6

ಬೂಟಿನ ಮರಳು ಕೊಡವದೇ ಬರೆಯಲು ಕೂತಿದ್ದೇನೆ. 

ಸಮುದ್ರ ಇಳಿದ ಹೊತ್ತಲ್ಲಿ ಮರಳು ದಾಟಿ ಪಕ್ಕದ ಚಿಕ್ಕ ದ್ವೀಪಕ್ಕೆ ನಡೆದು ಹೋದ ಡಚ್ ಗಂಡ ಹೆಂಡತಿ. ಎರಡೂವರೆಗೆ ವಾಪಸ್ ಬನ್ನಿ ಅಂತ ಎರಡು ಸಲ ಹೇಳಿದ್ದೆ. ಮೂರಾದರೂ ಇಲ್ಲ. ದುರ್ಬೀನು ಹಿಡಿದರೆ — ನಡುಮರಳಲ್ಲಿ ಗಂಡ ಕೂತಿದ್ದಾನೆ, ಹೆಂಡತಿ ಕೋಟು ಬೀಸುತ್ತಿದ್ದಾಳೆ. ಎರಡೂ ಕಡೆಯಿಂದ ನೀರು ಬರುತ್ತಿದೆ. ಕಡಲ ರಕ್ಷಣೆಯವರಿಗೆ ಫೋನ್ ಮಾಡಿದರೆ ನಲವತ್ತು ನಿಮಿಷ ಅಂದರು. ಸಮುದ್ರ ಅಷ್ಟು ಹೊತ್ತು ಕೊಡುವುದಿಲ್ಲ.

ಬಸ್ಸಿನಲ್ಲಿ ನಾವಿಬ್ಬರೇ. ಮರಳಿಗೇ ಬಸ್ಸಿಳಿಸು ಅಂದೆ. ಮೊರೀನ್ ನನ್ನ ಮುಖ ನೋಡಿದಳು. "ಮುಳುಗಿದ್ರೆ?"

"ನನ್ನ ಬಸ್ಸು ನನಗೆ ಗೊತ್ತು. ಆ ಮರಳೂ ಗೊತ್ತು. ಇಳಿಸು."

"ನೀನು ಹೇಳ್ತಾ ಹೋಗು ಅಷ್ಟೇ. ತಪ್ಪಾದ್ರೂ ಗಟ್ಟಿಯಾಗಿ ಹೇಳು."

ಹೇಳುತ್ತಾ ಹೋದೆ: ಹೊಳೆಯುವ ಮರಳು ಮೆತ್ತಗೆ. ಅಲೆಗೆರೆ ಬಿದ್ದದ್ದು ಗಟ್ಟಿ. ಎಡಕ್ಕೆ. ಇನ್ನೂ ಎಡಕ್ಕೆ. ನಿಧಾನ ಮಾಡ್ಬೇಡ. ಕಪ್ಪು ಕಲ್ಲಿನ ಹತ್ತಿರ ನಿಲ್ಲಿಸು, ಬೇರೆಲ್ಲೂ ಬೇಡ... ಕಾಲು ಉಳುಕಿ ಕೂತಿದ್ದ ಗಂಡ ಆರಡಿ ಆಳು. ಮೊರೀನ್ ಕಂಕುಳಿಗೆ ಕೈಕೊಟ್ಟು ಎಳೆದಳು, ಹೆಂಡತಿ ಹಿಂದಿನಿಂದ ನೂಕಿದಳು, ನಾನು ಒಂದೇ ಕೈಯಲ್ಲಿ ಕಾಲರ್ ಹಿಡಿದೆ. ವಾಪಸ್ ಬರುವಾಗ ನೀರು ಅರ್ಧಚಕ್ರಕ್ಕೆ. ಒಮ್ಮೆ ಹಿಂದಿನ ಚಕ್ರ ತಿರುಗಿತು, ಬಸ್ಸು ಕದಲಲಿಲ್ಲ. ಮೊರೀನ್ ಗೇರ್ ಬದಲಿಸಿದಳು, ಮಗುವಿನ ಬೆನ್ನು ತಟ್ಟುವ ಹಾಗೆ. ಎದ್ದಿತು.

ದಡ ಮುಟ್ಟಿದೆವು. ಆ ಗಂಡ ಕಾಲು ನೀವಿಕೊಳ್ಳುತ್ತಾ ಅಂದ: "ವೇಳಾಪಟ್ಟಿಯಲ್ಲಿ ಈ ಸ್ಟಾಪ್ ಇರ್ಲಿಲ್ಲ."

ನಗು ತಡೆಯಲಾಗಲಿಲ್ಲ. ಮೊರೀನ್ ಮಾತ್ರ ಇಳಿದುಹೋಗಿ ಚಕ್ರದ ಮರೆಯಲ್ಲಿ ಅತ್ತಳು. ನೋಡದ ಹಾಗಿದ್ದೆ.

ಮೇ 18, ಭಾನುವಾರ

ನನ್ನ ಸೀಟಿನಲ್ಲಿ ಇನ್ನೊಬ್ಬಳು. ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ. ಸೂಪು ಕುಡಿಯುತ್ತಾ ನಾನೇ ಕೇಳಿಬಿಟ್ಟೆ: "ಕೈ ಸರಿಹೋಗೋ ತನಕ ಇರ್ತೀಯಾ?"

"ಕೇಳೋಕೆ ಇಷ್ಟು ದಿನ ಬೇಕಾಯ್ತಾ, ಮಾರಾಯ್ತಿ?"

ಮೇ 19, ಸೋಮವಾರ. ಬೆಳಿಗ್ಗೆ 9

ಹಡಗು ಹತ್ತಕ್ಕೆ. ಎಕ್ಸ್‌ರೇಗೆ ಹೊರಟಿದ್ದೇನೆ. ಚೀಲ ರೆಡಿ. ಮೊರೀನ್‌ಗೆ ಹೇಳಬೇಕಾದ್ದು: ಶಾಲೆ ತಿರುವಿನಲ್ಲಿ ಬ್ರೇಕ್ ಮೆತ್ತಗೆ ಒತ್ತು. ಬಾಗಿಲು ಅಂಟಿಕೊಂಡರೆ ಮೊಣಕಾಲಲ್ಲಿ ಗುದ್ದು. ಮುದುಕ ಲಾಕ್ಲನ್ ಕೈ ಅಡ್ಡ ಹಿಡಿಯುವುದಿಲ್ಲ, ಅವನ ಮನೆ ಮುಂದೆ ಸುಮ್ಮನೆ ನಿಲ್ಲಿಸು, ಅವನು

ಹಾರ್ನ್. ಬಂದೆ ಅಂದರೂ ಮೊರೀನ್ ಕೇಳುತ್ತಿಲ್ಲ. ಮತ್ತೆ ಹಾರ್ನ್. ಎಂಜಿನ್ ರೇಸ್ ಮಾಡುತ್ತಿದ್ದಾಳೆ — ಅಯ್ಯೋ, ನನ್ನ ಬಸ್ಸು ನನ್ನನ್ನೇ ಬಿಟ್ಟು